ಬಾನು ಬೀ ಬಳೆ ಆಡಿಸಿ ಕರೆದರೆ

ಕೊಟ್ಟೂರಿನಲ್ಲಿ ಬಸ್ಸು ಇಳಿದು ರೈಲು ಸ್ಟೇಷನ್ ಕಡೆಗೆ ನಡೆದರೆ ಬಲಗಡೆ ಒಂದು ಬೇವಿನ ಮರ ಸಿಗುತ್ತದೆ. ಮರದ ಬುಡದಲ್ಲಿ ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಸಣ್ಣ ಅಂಗಡಿ. ಒಂದರಲ್ಲಿ ರೇಡಿಯೋ, ಟೇಪು, ಮಿಕ್ಸಿ, ಈಗೀಗ ಮೊಬೈಲು ರಿಪೇರಿ. ಇನ್ನೊಂದರಲ್ಲಿ ಬಳೆ. ರಿಪೇರಿ ಅಂಗಡಿ ನೂರಸಾಬನದು, ಬಳೆ ಅಂಗಡಿ ಅವನ ಹೆಂಡತಿ ಬಾನು ಬೀಯದು. ಗಂಡ ಹೆಂಡಿರ ನಡುವೆ ಒಂದು ಇಟ್ಟಿಗೆ ಗೋಡೆ ಬಿಟ್ಟರೆ ಬೇರೆ ಏನೂ ಅಡ್ಡ ಇರಲಿಲ್ಲ. ಆ ಗೋಡೆಯಾಚೆಯಿಂದ ಬರುತ್ತಿದ್ದ ಒಂದು ಸದ್ದಿನ ಮಾತು ಇದು, ಇತ್ತ ಸರಿದು ಕೂಡ್ರಿ.

ಗಂಡನ ಹೆಸರು ಹಿಡಿದು ಕರೆಯೋದು ನಮ್ಮ ಕಡೆ ಯಾವ ಜಾತಿಯ ಹೆಣ್ಣುಮಕ್ಕಳಿಗೂ ರೂಢಿಯಿಲ್ಲ. ಮದುವೆ ಮನೆಯಲ್ಲಿ ಗಂಡನ ಹೆಸರು ಕಟ್ಟಿ ಒಡಪು ಹೇಳು ಅಂತ ಎಲ್ಲರೂ ಗಂಟು ಬಿದ್ದರೆ ಒಮ್ಮೆ ಬಾಯಿ ಬಿಟ್ಟಾರು. ಮಿಕ್ಕಂತೆ "ಏನ್ರಿ", "ಕೇಳ್ತೀರೇನ್ರಿ", "ನಿಮಗ ಹೇಳಾಕತ್ತಿದ್ದು". ಬಾನು ಬೀಗೆ ಅದೂ ಬೇಕಾಗಿರಲಿಲ್ಲ. ಕೂತಲ್ಲೇ ಬಲಗೈ ಎತ್ತಿ ಒಮ್ಮೆ ಆಡಿಸಿದರೆ ಸಾಕು, ಮಣಿಕಟ್ಟಿನಿಂದ ಮೊಣಕೈ ತನಕ ಹಸಿರು ಗಾಜು ಝಿಲ್ ಅಂತ ಇಳಿಯೋದು. ಒಮ್ಮೆ ಆಡಿಸಿದರೆ ಚಹಾ ಬಂತು ಅಂತ. ಬಿಟ್ಟು ಬಿಟ್ಟು ಆಡಿಸಿದರೆ ಗಿರಾಕಿ ಜಗಳಕ್ಕೆ ನಿಂತಾಳ, ಬರ್ರಿ ಅಂತ. ಏನೂ ಕೆಲಸವಿಲ್ಲದೆ ಮೆಲ್ಲಗೆ ಆಡಿಸಿದರೆ ಅದರ ಅರ್ಥ ಅವರಿಬ್ಬರಿಗೇ ಗೊತ್ತು, ನಾವು ಕೇಳಬಾರದು.

ನೂರಸಾಬನ ಅಂಗಡಿಯಲ್ಲಿ ಎಂಥಾ ಗದ್ದಲ ಇರಲಿ, ಹಾರ್ನ್ ಸ್ಪೀಕರು ಕೂಗಲಿ, ಮಿಕ್ಸಿ ಗಿರಗುಟ್ಟಲಿ, ಆ ಝಿಲ್ ಅವನಿಗೆ ಮುಟ್ಟುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಗೆ ಟಕ್ ಟಕ್ ಅಂತ ಬಡಿಯುತ್ತಿದ್ದ. ಅದು ಅವನ 'ಓ'.

"ಊರಾಗ ನನ್ನ ಹೆಸರು ನೂರಸಾಬ. ಮನ್ಯಾಗ ನನ್ನ ಹೆಸರು ಝಿಲ್," ಅಂತ ಗಿರಾಕಿಗಳ ಮುಂದೆ ನಗುತ್ತಿದ್ದ.

ಬಳೆಯವರಿಗೆ ಇನ್ನೊಂದು ಪದ್ಧತಿ ಉಂಟು. ಹೊಸ ಬಳೆ ಬಂದರೆ ಎರಡೆರಡು ಹಿಡಿದು ಮೆಲ್ಲಗೆ ಬಡಿದು ನೋಡುತ್ತಾರೆ. ನೆಟ್ಟಗಿದ್ದ ಬಳೆ ಹಾಡುತ್ತದೆ, ಸೀಳು ಬಿಟ್ಟದ್ದು ಟಪ್ ಅಂತ ಬಾಯಿ ಮುಚ್ಚುತ್ತದೆ. ಸೀಳು ಕಣ್ಣಿಗೆ ಕಾಣೋದಿಲ್ಲ, ಕಿವಿಗೇ ಸಿಗಬೇಕು. ಬಾನು ಬೀ ಹಾಗೆ ಬಡಿಯುತ್ತಿದ್ದರೆ ಗೋಡೆಯಾಚೆಯಿಂದ ನೂರಸಾಬ, "ಬಾನು, ಅದು ಸೀಳೈತಿ ನೋಡು," ಅಂತ ಕೂಗೋನು. "ನಿಮ್ಮ ಕೆಲಸ ನೀವು ನೋಡ್ರಿ," ಅಂತ ಆಕೆ. ಆದರೂ ಆ ಬಳೆ ಪಕ್ಕಕ್ಕೆ ಹೋಗುತ್ತಿತ್ತು. ಅವರ ಸಂಸಾರ ಹೀಗೇ ಗೋಡೆಗೆ ಕಿವಿ ಕೊಟ್ಟು ನಡೆದಿತ್ತು.

ಆ ಝಿಲ್ ಯಾವಾಗ ನಿಂತಿತೋ ನೂರಸಾಬನಿಗೆ ತಿಳಿಯಲೇ ಇಲ್ಲ. ಟೇಪಿನ ಬೆಲ್ಟು ಹರಿದರೆ ಹಾಡು ಗಕ್ಕನೆ ನಿಲ್ಲುತ್ತದೆ, ಗೊತ್ತಾಗುತ್ತದೆ. ಇದು ಹಾಗಲ್ಲ. ಬೇವಿನ ಮರದ ಗುಬ್ಬಿ ಹೋದವು, ಸಂಜೆಯ ಮಿಡತೆ ಹೋದವು; ಮಳೆ ಕಡಿಮೆ, ಹುಳ ಹುಪ್ಪಟಿ ಎಲ್ಲಿಂದ ಬರಬೇಕು ಅಂದುಕೊಂಡ. ಆಮೇಲೆ ಬಾನು ಬೀ ಕರೆಯೋದನ್ನು ಬಿಟ್ಟಳು. ವಯಸ್ಸಾತು, ಮಗಳು ದೊಡ್ಡಾಕಿ ಆದ್ಲು, ನಾಚಿಕಿ ಬಂದಿರಬೇಕು ಅಂದುಕೊಂಡು ಸುಮ್ಮನಾದ. ಸುಮ್ಮನಾದ ಅನ್ನೋದು ಹೊರಗಿನ ಮಾತು. ಒಳಗೆ ದಿನಕ್ಕೆ ಎಷ್ಟು ಸಲ ಆ ಗೋಡೆಯ ಕಡೆ ತಲೆ ವಾಲಿಸುತ್ತಿದ್ದನೋ ಅವನಿಗೇ ಗೊತ್ತು.

ಆಚೆ ಬಾನು ಬೀ ಲೆಕ್ಕ ಬೇರೆ. ಆಕೆ ಕರೆಯುತ್ತಲೇ ಇದ್ದಳು, ಗೋಡೆಯಿಂದ ಟಕ್ ಟಕ್ ಬರುತ್ತಿರಲಿಲ್ಲ. "ಮಗಳ ವಿಡಿಯೋದಾಗ ಮುಖ ಬಂದಾಗಿಂದ ಮನುಷ್ಯಾಗ ಸೊಕ್ಕು ಬಂದೈತಿ," ಅಂದುಕೊಂಡಳು. ಚಹಾ ತಾನೇ ತಂದು ಮೇಜಿನ ಮೇಲೆ ದಬ್ ಅಂತ ಇಟ್ಟು ಹೋಗತೊಡಗಿದಳು. ದಬ್ ಅನ್ನೋದು ಅವನಿಗೆ ಕೇಳುತ್ತಿತ್ತು. ಇಷ್ಟು ಸಿಟ್ಟು ಯಾಕಪ್ಪಾ ಅಂತ ಅವನು ಚಹಾ ಕುಡಿಯುತ್ತಿದ್ದ.

ಮಗಳ ವಿಡಿಯೋ ಅಂದೆನಲ್ಲ, ಅದನ್ನೂ ಹೇಳಿಬಿಡಬೇಕು. ಮಗಳು ಅಸ್ಮಾ ಕೊಟ್ಟೂರಿನಲ್ಲೇ ಡಿಗ್ರಿ ಓದಿ, ಅಪ್ಪನ ಅಂಗಡಿಯ ಮೊಬೈಲ್ ಕೆಲಸ ತಾನು ಹಿಡಿದಿದ್ದಳು. ಕಿವಿಯೊಳಗೆ ಇಟ್ಟುಕೊಳ್ಳುವ ಇಯರ್‌ಫೋನುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿ, ಯಾವುದರ ಸದ್ದು ಹೇಗೆ ಅಂತ ನಮ್ಮ ಮಾತಿನಲ್ಲೇ ವಿಡಿಯೋ ಮಾಡಿ ಹಾಕುತ್ತಿದ್ದಳು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಹುಡುಗರೆಲ್ಲ ಅದನ್ನು ನೋಡೋರು. ಅವರಿಗೆ ಅಸ್ಮಾಗಿಂತ ಆಕೆಯ ಅಬ್ಬಾ ಮೇಲೆ ಜಾಸ್ತಿ ಪ್ರೀತಿ. ವಿಡಿಯೋದ ಕೊನೆಗೆ ನೂರಸಾಬ ಇಯರ್‌ಫೋನು ಕಿವಿಗಿಟ್ಟು, ಕಣ್ಣು ಮುಚ್ಚಿ, "ಇದರ ಸದ್ದು ಎಣ್ಣಿ ಕುಡಿದ ಮಿರ್ಚಿ ಐತಿ, ತಿಂದ್ರ ರುಚಿ, ಆಮ್ಯಾಲೆ ಎದಿಯುರಿ," ಅಂತಲೋ ಏನೋ ಒಂದು ಹೇಳಬೇಕು. ಅದು ಅಲ್ಲಿಗೆ ತೀರ್ಪು.

ಹೀಗಿರುವಾಗ ಬಾನು ಬೀ ತಂಗಿಯ ಬಾಣಂತನಕ್ಕೆ ಅಂತ ಹರಪನಹಳ್ಳಿಗೆ ಹೋದಳು. ಬಳೆ ಅಂಗಡಿಯಲ್ಲಿ ನೂರಸಾಬ ಕೂತ. ಉಚ್ಚಂಗಿದುರ್ಗದ ಹಂಪಕ್ಕ ಮಗಳ ಮದುವೆಗೆ ಹಸಿರು ಬಳೆ ಒಯ್ಯಲು ಬಂದಳು. ನೂರಸಾಬ ಹೆಂಡತಿಯ ಹಾಗೇ ಎರಡೆರಡು ಬಳೆ ಹಿಡಿದು, ಕಿವಿಯ ಹತ್ತಿರ ತಂದು, ಗಂಭೀರವಾಗಿ ಬಡಿದು ನೋಡಿ ಕಟ್ಟಿಕೊಟ್ಟ. ಗಾಜು ಎಷ್ಟು ಮೆತ್ತಗೆ ಮಾತಾಡ್ತೈತಿ ಈಗೀಗ ಅನ್ನಿಸಿತು. ಅಷ್ಟೇ.

ಮದುವೆ ಮುಗಿಸಿಕೊಂಡು ಹಂಪಕ್ಕ ಉಳಿದ ಬಳೆಯ ಗಂಟು ಹಿಡಿದು ಸೀದಾ ಬಂದಳು. ಅಷ್ಟರಲ್ಲಿ ಬಾನು ಬೀನೂ ವಾಪಸು ಬಂದು ಅಂಗಡಿಯಲ್ಲಿದ್ದಳು.

"ಏನಪಾ ನೂರಸಾಬಣ್ಣ, ಬಳಿ ಕಟ್ಟಿಕೊಟ್ಟಿಯೋ, ಹಪ್ಪಳ ಕಟ್ಟಿಕೊಟ್ಟಿಯೋ?"

"ಯಾಕಬೇ ಹಂಪಕ್ಕ, ಏನಾತು?"

"ಏನಾತು ಅಂತಾನ! ಮದುಮಗಳ ಕೈಗೆ ಏರಿಸಾಕ ಹೋದ್ರ ಪಟಪಟ ಒಡೀತಾವ. ಬೀಗರ ಮುಂದ ನನ್ನ ಮುಖ ನೋಡಬೇಕಿತ್ತು ನೀನು. ಬಡಿದು ನೋಡೋ ಪದ್ಧತಿ ಬಿಟ್ಟೀರೇನು?"

"ಬಡಿದು ನೋಡೀನಬೇ, ಒಂದೂ ಬಿಡದಂಗ."

"ನೋಡಿ ಏನು ಮಾಡಿದಿ ಎಪ್ಪಾ, ಕೇಳಬೇಕಿತ್ತು!"

ಬಾನು ಬೀ ಹಂಪಕ್ಕನ ಕೈ ಹಿಡಿದು ಕೂಡಿಸಿ, ನೀರು ಕೊಟ್ಟು, ಬೇರೆ ಬಳೆ ಆರಿಸಿ ಕೊಟ್ಟಳು. ಆಮೇಲೆ ಆ ಗಂಟಿನಲ್ಲಿ ಉಳಿದದ್ದನ್ನು ಬಿಚ್ಚಿ ಗಂಡನ ಕಣ್ಣೆದುರಿಗೇ ಬಡಿಯುತ್ತ ಹೋದಳು. ಎರಡು ಹಸಿರು ಬಳೆ ಹತ್ತಿರ ಬಂದವು, ಮುಟ್ಟಿದವು, ದೂರ ಸರಿದವು. ಮತ್ತೆ ಬಂದವು, ಮುಟ್ಟಿದವು. ನೂರಸಾಬನಿಗೆ ಕೈ ಕಂಡಿತು, ಸದ್ದು ಬರಲಿಲ್ಲ.

"ಈಗಿನ ಗಾಜೇ ಸರಿಯಿಲ್ಲ," ಅಂತ ಎದ್ದು ತನ್ನ ಅಂಗಡಿಗೆ ಹೋದ. ಹೋಗಿ ಸೋಲ್ಡರಿಂಗ್ ಕಡ್ಡಿ ಹಿಡಿದ, ಕೆಲಸ ಮಾಡಲಿಲ್ಲ. ಗುಬ್ಬಿ ಹೋಗಿಲ್ಲ, ಮಿಡತೆ ಹೋಗಿಲ್ಲ, ಬಾನು ಕರೆಯೋದು ಬಿಟ್ಟಿಲ್ಲ ಅನ್ನೋದು ಅವತ್ತು ಅವನಿಗೆ ಹೊಳೆಯಿತು. ಆದರೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಜನ್ಮವೆಲ್ಲ ಯಂತ್ರ ಬಿಚ್ಚಿ ಕೂಡಿಸಿದವನು. ಸದ್ದು ಬರದಿದ್ದರೆ ಸ್ಪೀಕರು ಬದಲಿಸಬೇಕು ಅಂತಲೇ ಅವನ ಕೈಗೆ ರೂಢಿ.

ಅದೇ ವಾರ ಅಸ್ಮಾಳಿಗೆ ಮೂರು ಇಯರ್‌ಫೋನು ಬಂದವು. ಕೇಳಿ, ವಿಡಿಯೋ ಮಾಡಿ, ವಾಪಸು ಕಳಿಸುವ ಕರಾರಿನ ಮೇಲೆ ಒಬ್ಬ ವ್ಯಾಪಾರಿ ಕಳಿಸಿದ್ದ. ಒಂದು ಬೆಳ್ಳಿ ಬಣ್ಣದ್ದು, ಒಂದು ಕರೇದು, ಇನ್ನೊಂದು ಜೇನುತುಪ್ಪದ ಬಣ್ಣದ್ದು. ಅದರ ಹೊಟ್ಟೆಯೊಳಗಿನ ಕೂದಲೆಳೆಯಂಥ ತಂತಿಗಳು ಹೊರಗೇ ಕಾಣುತ್ತಿದ್ದವು.

"ಅಬ್ಬಾ, ಜ್ವಾಕಿ. ಇದೊಂದರ ದುಡ್ಡಿಗೆ ಒಂದು ಜೋಡಿ ಟಗರು ಬರ್ತಾವ," ಅಂದಳು ಅಸ್ಮಾ.

ನೂರಸಾಬ ಜೇನಿನದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ. ಇಷ್ಟು ದುಡ್ಡಿನ ವಸ್ತು ಇಷ್ಟು ಹತ್ತಿರ, ಕಿವಿಯ ಬಾಗಿಲೊಳಗೇ ಹೋಗಿ ಕೂತು ಹಾಡುವುದಾದರೆ ಇದಕ್ಕೆ ಆಗದೇ ಇರುವುದು ಏನಿದೆ ಅನ್ನಿಸಿತು. ಆಸೆಯ ಜೊತೆಗೆ ಅಳುಕೂ ಬಂತು. ಯಾಕೆ ಅಂದರೆ, ಅಸ್ಮಾ ಪ್ರತಿ ಇಯರ್‌ಫೋನನ್ನು ಪರೀಕ್ಷೆಗೆ ಹಚ್ಚುವುದು ಮೂರೇ ಸದ್ದಿನಿಂದ. ತಳದ ದಪ್ಪ ಸದ್ದಿಗೆ ಕುರುಬರ ಓಣಿಯ ಡೊಳ್ಳು. ನಡುವಿನ ಸದ್ದಿಗೆ ಕೊಟ್ಟೂರು ಸಂತೆಯ ಮಾತು. ತುದಿಯ ಸಣ್ಣ ಸದ್ದಿಗೆ ಅಮ್ಮಿಯ ಬಳೆ. ಎರಡು ವರ್ಷದ ಹಿಂದೆ ಬಾನು ಬೀ ಗಂಡನನ್ನು ಚಹಾಕ್ಕೆ ಕರೆದಾಗ ಆಕೆಗೆ ಗೊತ್ತಿಲ್ಲದ ಹಾಗೆ ಹಿಡಿದಿಟ್ಟದ್ದು. ಈಚೀಚೆ ಬಂದ ಅಗ್ಗದವುಗಳಲ್ಲಿ ಅದು ಕೇಳದಿದ್ದಾಗ ನೂರಸಾಬ ಆ ವಸ್ತುವಿಗೇ ತಪ್ಪು ಹೊರಿಸಿದ್ದ.

ಕ್ಯಾಮೆರಾ ನಿಂತಿತು. ಮೊದಲು ಡೊಳ್ಳು.

"ಬೆಳ್ಳೀದ್ರಾಗ ಡೊಳ್ಳಿಗೆ ಮೈಯಿಲ್ಲ, ಬರೇ ಚರ್ಮ ಬಡಿದಂಗೈತಿ. ಕರೇದ್ರಾಗ ಹೊಟ್ಟಿ ಉಬ್ಬೈತಿ, ಮಂಡಕ್ಕಿ ತಿಂದು ನೀರು ಕುಡದಂಗ. ಈ ಜೇನಿಂದು ಬೇರೆ ಐತಿ ನೋಡವ್ವ. ಉಳಿದವ್ರಾಗ ಡೊಳ್ಳು ಕೋಣ್ಯಾಗೈತಿ, ಇದ್ರಾಗ ಅಂಗಳದಾಗೈತಿ. ಬಾರಿಸೋನು ಕಾಲು ಬದಲಿ ಮಾಡಿದ್ದೂ ತಿಳೀತೈತಿ."

ಅಸ್ಮಾ ಖುಷಿಯಾದಳು. ಸಂತೆಯ ಮಾತಿಗೂ ಸರಿಯಾಗೇ ಹೇಳಿದ. ಆಮೇಲೆ ಬಳೆ.

ನೂರಸಾಬ ಕಣ್ಣು ಮುಚ್ಚಿದ. ಬೆಳ್ಳಿಯದರಲ್ಲಿ ಬಸ್ಸಿನ ಹಾರ್ನು ಬಂತು, ಚಹಾದ ಲೋಟ ಹಲಗೆಯ ಮೇಲೆ ಕೂತಿತು, ಬಾನು ಬೀ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಇನ್ನು ಕೈ ಎತ್ತುತ್ತಾಳೆ ಅಂದುಕೊಂಡ. ಏನೂ ಇಲ್ಲ. ಕರೇದು ಹಾಕಿದ. ಹಾರ್ನು, ಲೋಟ, ಗಂಟಲು. ಏನೂ ಇಲ್ಲ. ಕೊನೆಗೆ ಜೇನಿನದು ಹಾಕಿದ. ಲೋಟ ಎಷ್ಟು ಸ್ಪಷ್ಟ ಕೂತಿತೆಂದರೆ ಹಲಗೆಯ ಬಿರುಕು ಕಂಡಿತು. ಆಮೇಲೆ ಬಳೆ ಇರಬೇಕಾದ ಜಾಗ, ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ.

"ಅಬ್ಬಾ, ಬಳಿ ಯಾವುದ್ರಾಗ ಚಲೋ?"

"ಕರೇದ್ರಾಗ."

"ಕರೇದ್ರಾಗಾ? ಅದ್ರಾಗ ಕಂಬಳಿ ಹೊದ್ದು ಮಲಗಿದಂಗ ಅದಾವಲ್ಲ!"

"ಕಂಬಳಿ ನಿನ್ನ ಕಿವಿ ಮ್ಯಾಲೈತಿ," ಅಂದ, ಸ್ವಲ್ಪ ಜೋರಾಗಿಯೇ. ಅಪ್ಪ ಹಾಗೆ ಮಾತಾಡಿದ್ದೇ ಇಲ್ಲ. ಅಸ್ಮಾ ಅವನ ಮುಖ ನೋಡಿ ಕ್ಯಾಮೆರಾ ಆರಿಸಿದಳು.

ಶುಕ್ರವಾರ ನಮಾಜು ಮುಗಿಸಿ ಬಂದವನು ಅಂಗಡಿಯ ಬಾಗಿಲು ಅರ್ಧ ಎಳೆದು ಒಬ್ಬನೇ ಕೂತ. ಮೂರರ ರಬ್ಬರ್ ಟೋಪಿ ಬದಲಿಸಿ ನೋಡಿದ, ದೊಡ್ಡದು, ಸಣ್ಣದು, ಸ್ಪಂಜಿನದು. ಎಡದ್ದು ಬಲಕ್ಕೆ ಹಾಕಿದ. ಸದ್ದು ಏರಿಸಿದ, ಬಸ್ಸಿನ ಹಾರ್ನು ತಲೆಯೊಳಗೆ ಹೊಕ್ಕು ಬಂತೇ ಹೊರತು ಬಳೆ ಬರಲಿಲ್ಲ. ಏರಿಸುತ್ತಲೇ ಹೋದ. ಬಾನು ಬೀ ಚಹಾ ತಂದು ಬಾಗಿಲಲ್ಲಿ ನಿಂತಿದ್ದು ಗೊತ್ತಾಗಲಿಲ್ಲ. ಕಿವಿಯಲ್ಲಿದ್ದ ಇಯರ್‌ಫೋನಿನಿಂದ ಹೊರಗೆ ಸೋರುತ್ತಿದ್ದದ್ದು ತನ್ನ ಬಳೆಯ ಸದ್ದು ಅಂತ ಆಕೆಗೆ ಅಲ್ಲಿಗೇ ಕೇಳುತ್ತಿತ್ತು. ಗಂಡನ ಕಣ್ಣಲ್ಲಿ ನೀರಿತ್ತು.

ಆಕೆ ಲೋಟ ಮೆಲ್ಲಗಿಟ್ಟಳು. ಅವನು ತಲೆಯೆತ್ತಿ, ಇಯರ್‌ಫೋನು ಕಿತ್ತು, ನೇರ ಕೇಳಿದ. ಮನೆಯ ಮಾತು ಅವರದು ಉರ್ದು. ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಬಾನು, ನನ್ನ ಕರೆಯೋದು ಯಾಕ ಬಿಟ್ಟಿ?"

"ಯಾರು ಬಿಟ್ಟಾರ? ದಿನಾ ಕರೀತೀನಿ. ಗ್ವಾಡಿ ಬಡಿಯೋದು ನೀವು ಬಿಟ್ಟೀರಿ."

"ಈಗ ಕರಿ."

ಆಕೆ ಕೈ ಎತ್ತಿ ಅವನ ಮುಖದ ಮುಂದೆಯೇ ಆಡಿಸಿದಳು. ರೈಲಿನ ಗಾಜಿನಾಚೆ ಕೈ ಬೀಸುವವರನ್ನು ನೋಡಿದ ಹಾಗೆ ನೂರಸಾಬ ಆ ಬಳೆಗಳನ್ನು ನೋಡಿದ.

ಬಾನು ಬೀ ಕೈ ಇಳಿಸಿ ಸ್ಟೂಲಿನ ಮೇಲೆ ಕೂತಳು. "ಹಂಪಕ್ಕ ಬಂದಾಗ ಸಂಶಯ ಬಂತು ನನಗ. ಕೇಳಾಕ ಹೆದರಿಕಿ. ಕಿವಿಗೆ ಬೀಳಲಿಲ್ಲ ಅಂದ್ರ ಅದೊಂದು. ಬಿದ್ದೂ ಓ ಅನ್ನಲಿಲ್ಲ ಅಂದುಬಿಟ್ರ ನಾನೇನು ಮಾಡ್ಲಿ?"

ಚಹಾ ಆರಿತು. ಕೊನೆಗೆ ನೂರಸಾಬ ಮೂರನ್ನೂ ಆಕೆಯ ಕಡೆ ಸರಿಸಿದ. "ನೀನ ಕೇಳಿ ಹೇಳು. ಹೆಂಗ ಅದಾವ ನಿನ್ನ ಬಳಿ?"

ಬಾನು ಬೀ ಸೆರಗು ಸರಿಸಿ ಬೆಳ್ಳಿಯದು ಹಾಕಿಕೊಂಡು ಮುಖ ಕಿವಿಚಿದಳು. "ಅಯ್ಯ! ಸೂಜಿ ಚುಚ್ಚಿದಂಗ. ನನ್ನ ಬಳಿ ಇಷ್ಟು ಜಗಳಗಂಟಿ ಅಲ್ಲ." ಕರೇದು ಹಾಕಿದಳು. "ಇದ್ರಾಗ ಜ್ವಾಳದ ಚೀಲದಾಗ ಕೈ ಇಟ್ಟು ಆಡಿಸಿದಂಗೈತಿ." ಜೇನಿನದು ಹಾಕಿದಳು. ಎಡಗೈ ತಾನಾಗಿ ಬಲ ಮಣಿಕಟ್ಟಿಗೆ ಹೋಯಿತು. ಮತ್ತೊಮ್ಮೆ ಹಾಕು ಅಂತ ಸನ್ನೆ ಮಾಡಿ ಕೇಳಿದಳು.

"ಇದ್ರಾಗ ಒಂದೊಂದು ಬಳಿ ಬ್ಯಾರೆ ಬ್ಯಾರೆ ಇಳೀತಾವ," ಅಂದಳು. "ಆದ್ರ ನಡುವ ಒಂದು ಟಪ್ ಅಂತೈತಲ್ರಿ. ಅವತ್ತು ನನ್ನ ಕೈಯಾಗ ಸೀಳು ಬಳಿ ಇತ್ತು! ನನಗ ಗೊತ್ತ ಆಗಿಲ್ಲ ನೋಡ್ರಿ."

"ನನಗ ಗೊತ್ತಿತ್ತು," ಅಂದ ನೂರಸಾಬ.

"ಮತ್ತ ಹೇಳಬಾರದಾ? ಊರ ಮಂದಿ ಬಳಿ ಎಲ್ಲ ಸೀಳು ಸೀಳು ಅಂತ ಕೂಗಿ ಹೇಳ್ತಿದ್ರಿ."

"ಹೇಳಿದ್ರ ತೆಗೆದು ಒಗೀತಿದ್ದಿ. ಗಾಜಿನ ಬಳಿ ಸಾವಿರ ಹೆಣ್ಣುಮಕ್ಕಳ ಕೈಯಾಗ ಅದಾವ. ನಡುವ ಟಪ್ ಅನ್ನೋದು ನಿನ್ನ ಕೈಯಾಗ ಮಾತ್ರ ಇತ್ತು."

ಬಾನು ಬೀ ಇಯರ್‌ಫೋನು ತೆಗೆಯದೆ ಹಾಗೇ ಕೂತಳು.

ಅಸ್ಮಾಳಿಗೆ ಹೇಳದೆ ಗತಿಯಿರಲಿಲ್ಲ. ಮಗಳು ಅವನನ್ನು ದಾವಣಗೆರೆಗೆ ಕರೆದುಕೊಂಡು ಹೋದಳು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂಡಿಸಿ ಪರೀಕ್ಷೆ ಮಾಡಿ, ಕಾಗದದ ಮೇಲೆ ಅವನ ಕಿವಿಯ ಗೆರೆ ತೋರಿಸಿದರು. ತಳದ ಸದ್ದಿಗೆ ಗೆರೆ ನೆಟ್ಟಗಿತ್ತು, ತುದಿಗೆ ಹೋಗುವಾಗ ಉಚ್ಚಂಗಿದುರ್ಗದ ಬಂಡೆಯಿಂದ ಕಾಲು ಜಾರಿದ ಹಾಗೆ ಬಿದ್ದಿತ್ತು. ವಯಸ್ಸು, ಮೇಲೆ ಹಾರ್ನ್ ಸ್ಪೀಕರಿಗೆ ಕಿವಿ ಹಚ್ಚಿ ಹಚ್ಚಿ ಮಾಡಿದ ಕೆಲಸ. ಕಿವಿಗೆ ಮಿಷನ್ ಹಾಕಿಕೊಂಡರೆ ಮಾತು ಕೇಳೋದು ಸಲೀಸು. ಆ ತುದಿ ಮಾತ್ರ ಮೊದಲಿನ ಹಾಗೆ ಬರೋದಿಲ್ಲ ಅಂದರು.

ಬಸ್ಸಿನಲ್ಲಿ ವಾಪಸು ಬರುವಾಗ ನೂರಸಾಬ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಹರಪನಹಳ್ಳಿ ದಾಟಿದ ಮೇಲೆ ಮಗಳ ಕೈ ತಟ್ಟಿದ.

"ಗ್ವಾಡ್ಯಾಗಿನ ಮ್ಯಾಲಿನ ಮಾಡು ಕೈಗೆ ಎಟಕದಿದ್ರ ಸಾಮಾನು ಕೆಳಗ ಇಳಿಸಿಕೋಬೇಕವ್ವ."

"ಏನು ಸಾಮಾನು ಅಬ್ಬಾ?"

"ಹಳೇ ಬ್ಯಾಟರ‍್ಯಾಗಿನ ಸೆಲ್ಲು ಒಗದಿಲ್ಲ ಹೌದಿಲ್ಲ?"

ಟೇಪಿನ ಕಾಲ ಕಂಡವರಿಗೆ ಇದು ನೆನಪಿರಬೇಕು. ಸೆಲ್ಲು ಇಳಿದರೆ ಹಾಡು ಎಳೆಯತೊಡಗುತ್ತದೆ. ಸಣ್ಣ ದನಿಯ ಹೆಣ್ಣುಮಗಳು ಗಂಡಸಾಗುತ್ತಾಳೆ, ಗಂಡಸು ಎಮ್ಮೆಯಾಗುತ್ತಾನೆ. ಆಗ ಸೆಲ್ಲು ತೆಗೆದು ಬಿಸಿಲಿಗಿಡುತ್ತಿದ್ದೆವು. ಜನ್ಮವೆಲ್ಲ ನೂರಸಾಬ ಹಾಗೆ ಎಳೆಯುವ ಟೇಪುಗಳನ್ನು ಸರಿಮಾಡಿ ಕೊಟ್ಟವನು. ತುದಿಯ ಬಳೆಯನ್ನು ತನಗೆ ಕೇಳುವ ತಳಕ್ಕೆ ಎಳೆದು ಇಳಿಸಲು ಈಗ ಒಂದನ್ನು ಕೈಯಾರೆ ಕೆಡಿಸಲು ಕೂತ. ಅಸ್ಮಾಳ ಮೊಬೈಲಿನಿಂದ ಬಳೆಯ ಸದ್ದನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿದ. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಸಣ್ಣ ಟೇಪು ಗೋಡೆಯ ಮಾಡಿನಲ್ಲಿತ್ತು. ಅದರ ಮೋಟಾರಿನ ಬೆನ್ನಲ್ಲಿರುವ ಸಣ್ಣ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ, ಹಳೇ ಟಾರ್ಚ್ ಬ್ಯಾಟರಿಯ ಅರೆಜೀವದ ಸೆಲ್ಲು ತುಂಬಿದ. ಟಗರಿನ ಜೋಡಿಯ ಬೆಲೆಯ ಜೇನು ಬಣ್ಣದ ಇಯರ್‌ಫೋನನ್ನು ಆ ಲಟಾರಿ ಟೇಪಿಗೆ ಸಿಕ್ಕಿಸಿದ. ಮಾರನೇ ದಿನ ಅದು ಡಬ್ಬಿ ಸೇರಿ ವಾಪಸು ಹೋಗುವುದಿತ್ತು.

ಗುಂಡಿ ಒತ್ತಿದ. ಬಸ್ಸಿನ ಹಾರ್ನು ಈಗ ಕೋಣದ ಹಾಗೆ ಗುಟುರು ಹಾಕಿತು. ಲೋಟ ಹಲಗೆಯ ಮೇಲೆ ಬೀಸುಕಲ್ಲಿನಂತೆ ಕೂತಿತು. ಆಮೇಲೆ ಒಂದು ತಡೆ. ಆಮೇಲೆ ಡಣ್, ಡಣ್, ಡಣ್ ಅಂತ, ಬೈಗಿನಲ್ಲಿ ಹಿಂಡಿನ ಮುಂದಿನ ಟಗರು ಕೊರಳ ಗಂಟೆ ಆಡಿಸುತ್ತ ದಿಬ್ಬ ಇಳಿದು ಬಂದ ಹಾಗೆ.

"ಬಂತೇನಬ್ಬಾ?" ಅಸ್ಮಾ ಪಿಸುಗುಟ್ಟಿದಳು, ಅದು ಅವನಿಗೆ ಕೇಳಲಿಲ್ಲ.

ಬಂದಿತ್ತು. ಆದರೆ ಇದು ಬಾನು ಅಲ್ಲ, ಬಾನುವಿನ ಅಜ್ಜಿ ಕರೆದ ಹಾಗಿತ್ತು. ನೂರಸಾಬನ ಮುಖ ಇಳಿಯಿತು. ಇನ್ನೇನು ಟೇಪು ಆರಿಸಬೇಕು, ಅಷ್ಟರಲ್ಲಿ ಆ ಗಂಟೆಗಳ ನಡುವೆ ಒಂದು, ಹಾಡಲು ಹೋಗಿ ಬಾಯಿ ಮುಚ್ಚಿಕೊಂಡಿತು. ಟಪ್.

ಅವನ ಕೈ ಸ್ಕ್ರೂಡ್ರೈವರನ್ನು ಯಾವಾಗ ಹಿಡಿಯಿತೋ. ಗೋಡೆಗೆ ಟಕ್ ಟಕ್ ಬಡಿದ.

ಗೋಡೆಯಾಚೆ ಬಾನು ಬೀ ಒಬ್ಬ ಗಿರಾಕಿಯ ಕೈ ಹಿಡಿದು ಬಳೆ ಏರಿಸುತ್ತಿದ್ದಳು. ಆಗ ಆಕೆ ಕರೆದಿರಲಿಲ್ಲ. ಎರಡು ವರ್ಷದ ಹಿಂದೆ ಕರೆದಿದ್ದಳು, ಚಹಾಕ್ಕೆ. ಹಿಡಿದ ಕೈ ಬಿಡದೆ ಆಕೆ ಗೋಡೆಯನ್ನೇ ನೋಡುತ್ತ ಕೂತಳು.

"ಯಾಕಬೇ, ಕೈ ಒತ್ತಿ ಹಿಡಿದಿ, ನೋವಾಕ್ಕತಿ," ಅಂದಳಂತೆ ಗಿರಾಕಿ.

ಆ ಟೇಪು ಇನ್ನೆರಡು ಸಲ ಎಳೆದು ನಿಂತಿತು, ಸೆಲ್ಲು ಪೂರ್ತಿ ಸತ್ತಿತ್ತು. ಇಯರ್‌ಫೋನು ವಾಪಸು ಹೋದವು. ಅಸ್ಮಾಳ ಆ ವಿಡಿಯೋ ನೀವೂ ನೋಡಿರಬಹುದು. ಅದರಲ್ಲಿ ನೂರಸಾಬ ಡೊಳ್ಳಿನ ಮಾತು ಮುಗಿಸಿ, "ತಳ, ನಡುವು ನನ್ನ ಕೇಳ್ರಿ. ತುದಿ ನನ್ನ ಕೈ ಬಿಟ್ಟೈತಿ, ಅದನ್ನ ಇವರ ಅಮ್ಮಿ ಹೇಳ್ತಾಳ," ಅಂತ ಪಕ್ಕಕ್ಕೆ ಸರಿಯುತ್ತಾನೆ. ಬಾನು ಬೀ ಅರ್ಧ ಮುಖಕ್ಕೆ ಸೆರಗು ಹಿಡಿದು, ಬೆಳ್ಳೀದು ಜಗಳಗಂಟಿ, ಕರೇದು ಚೀಲ, ಜೇನಿಂದು ಚಲೋ ಐತಿ ಅಂತ ಮೂರೇ ಮಾತು ಹೇಳಿ ಎದ್ದು ಹೋಗುತ್ತಾಳೆ.

ಈಗ ಕೊಟ್ಟೂರಿಗೆ ಹೋದರೆ ಆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿ. ನೂರಸಾಬ ಕಿವಿಯ ಹಿಂದೆ ಸಣ್ಣ ಮಿಷನ್ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೆಲಸ ಮಾಡುತ್ತಿರುತ್ತಾನೆ. ನಡುನಡುವೆ, ಯಾರೂ ಕರೆಯದೆ, ಸ್ಕ್ರೂಡ್ರೈವರು ಎತ್ತಿ ಗೋಡೆಗೆ ಟಕ್ ಟಕ್ ಬಡಿಯುತ್ತಾನೆ. ಬಾನು ಕರೆದಿದ್ದರೆ ಇರಲಿ ಅಂತ. ಆಚೆ ಬಾನು ಬೀ ಕರೆದಿರಲಿ ಬಿಡಲಿ, ಮಾಡುತ್ತಿದ್ದ ಕೆಲಸ ಬಿಟ್ಟು ಬಲಗೈ ಎತ್ತಿ ಒಮ್ಮೆ ಆಡಿಸುತ್ತಾಳೆ. ಆಕೆಯ ಕೈಯಲ್ಲಿ ಒಂದು ಸೀಳು ಬಳೆ ಈಗ ಯಾವಾಗಲೂ ಇರುತ್ತದೆ, ತಾನೇ ಆರಿಸಿ ಇಟ್ಟುಕೊಂಡದ್ದು.